ಎರಡು ಪಟ್ಟಿ, ಇಪ್ಪತ್ಮೂರು ಸೀಸೆ

ಏಳು ವಾರ, ಸ್ವಾಮಿ, ಏಳು ವಾರ ಇಬ್ಬರು ಗಂಡಸರು ನನ್ನ ಅಕ್ಕಪಕ್ಕ ಕೂತು ಯಾರ ಮೆಷಿನ್ನು ಮೇಲು ಅಂತ ಕಚ್ಚಾಡೋದನ್ನ ಕೇಳಿದ್ದೀನಿ. ಒಬ್ಬ ಚಿಪ್ಪು, ಇನ್ನೊಬ್ಬ ಡಬ್ಬ. ಹೆಸರಿಟ್ಟೋಳು ನಾನೇ. ಹೆತ್ತವರು ಇಟ್ಟ ಹೆಸರು ಅವರ ಕೊರಳಿಗೆ ನೇತುಹಾಕಿದ ಕಾರ್ಡಿನಲ್ಲಿತ್ತು. ಅದನ್ನ ಬಾಯಲ್ಲಿ ಆಡುವಷ್ಟು ಮರ್ಯಾದೆ ಆ ಇಬ್ಬರೂ ಸಂಪಾದಿಸಲಿಲ್ಲ.

ನಮ್ಮದು ಇಂಜೆಕ್ಷನ್ ಔಷಧಿಯ ಕಾರ್ಖಾನೆ. ಹೆಬ್ಬೆರಳಿನಷ್ಟು ಗಾಜಿನ ಸೀಸೆಗೆ ಔಷಧಿ ತುಂಬಿ, ರಬ್ಬರ್ ಬಿರಡೆ ಹಾಕಿ, ಮೇಲೆ ತಗಡಿನ ಮುಚ್ಚಳ ಒತ್ತುತ್ತಾರೆ. ಆಮೇಲೆ ಒಂದೊಂದು ಸೀಸೆಯನ್ನೂ ಯಾರಾದರೂ ನೋಡಲೇಬೇಕು. ಒಳಗೆ ನೂಲಿನ ಎಳೆ, ರಬ್ಬರಿನ ಚೂರು, ಗಾಜಿನ ಚಕ್ಕೆ ಏನಾದರೂ ತೇಲುತ್ತಿದ್ದರೆ ಅದು ನೆಟ್ಟಗೆ ಯಾರದೋ ನರದೊಳಗೆ ಹೋಗುತ್ತೆ. ಇಪ್ಪತ್ತೆರಡು ವರ್ಷದಿಂದ ಆ ನೋಡೋ ಕೆಲಸ ನನ್ನದು. ಕಿಟಕಿ ಇಲ್ಲದ ಕೋಣೆ, ಬಿಳಿ ಕೋಟು, ತಲೆಗೆ ಬಟ್ಟೆ ಟೋಪಿ. ಎದುರಿಗೆ ಅರ್ಧ ಬಿಳಿ, ಅರ್ಧ ಕಪ್ಪು ಬಳಿದ ಹಲಗೆ, ಮೇಲೊಂದು ದೀಪ. ಸೀಸೆಯನ್ನ ಎರಡು ಬೆರಳಲ್ಲಿ ಹಿಡಿದು, ಗುಳ್ಳೆ ಏಳದ ಹಾಗೆ ತಿರುಗಿಸಿ, ಬಿಳಿಯ ಎದುರು ಐದು ಸೆಕೆಂಡು, ಕಪ್ಪಿನ ಎದುರು ಐದು ಸೆಕೆಂಡು. ಬಿಳಿಯ ಎದುರು ಕಪ್ಪು ಕಸ ಕಾಣುತ್ತೆ, ಕಪ್ಪಿನ ಎದುರು ಗಾಜಿನ ಚಕ್ಕೆ ಮಿನುಗುತ್ತೆ. ಬೆನ್ನ ಹಿಂದೆ ನನ್ನನ್ನ ದುರ್ಬೀನು ಅಂತಿದ್ದರು. ಎದುರಿಗೇ ಅಂದಿದ್ದರೂ ನನಗೇನೂ ಬೇಜಾರಿರಲಿಲ್ಲ, ಒಳಗೊಳಗೇ ಜಂಭವೇ ಇತ್ತು.

ಈಗ ಯಾರಿಗೂ ಹೇಳದ ಮಾತು ಹೇಳ್ತೀನಿ. ನನ್ನ ಎಡಗಣ್ಣಿಗೆ ಪೊರೆ ಬಂದಿತ್ತು. ನಾನು ಎಡಗೈಯವಳು, ಸೂಕ್ಷ್ಮವಾಗಿ ನೋಡೋದೂ ಎಡಗಣ್ಣಲ್ಲೇ, ಚಿಕ್ಕಂದಿನಿಂದ ಹಾಗೇ. ಒಂದೆಂಟು ತಿಂಗಳಿಂದ ದೀಪದ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು ಹರಡುತ್ತಿತ್ತು. ಮನೆಯಲ್ಲಿ ನಾನು, ನನ್ನ ತಂಗಿ ಇಬ್ಬರೇ. ಅವಳು ದರ್ಜಿ, ಸೂಜಿ ಕಣ್ಣಿಗೆ ದಾರ ಪೋಣಿಸೋಳು, ಅವಳಿಗೆ ಏನನ್ನ ಮುಚ್ಚಿಡೋಕಾಗುತ್ತೆ?

"ಅಕ್ಕಾ, ಚಹಾನ ಲೋಟದ ಹೊರಗೆ ಹೊಯ್ತಿದ್ದೀಯಲ್ಲೇ. ಕಣ್ಣಿನ ಆಸ್ಪತ್ರೆಗೆ ಹೋಗೋಣ ಬಾ" ಅಂದಳು.

"ಲೋಟಾನೇ ಸೊಟ್ಟ ಇದೆ" ಅಂದೆ.

"ಲೋಟ ಸೊಟ್ಟ ಇಲ್ಲ, ನಿನ್ನ ಹಟ ಸೊಟ್ಟ. ಅರ್ಧ ದಿನದ ಆಪರೇಶನ್ನಂತೆ. ಪಕ್ಕದ ಮನೆ ಅಜ್ಜಿ ಮಾಡಿಸಿಕೊಂಡು ಮೂರನೇ ದಿನಕ್ಕೆ ಪೇಪರ್ ಓದ್ತಿದ್ದಾರೆ."

ಅಜ್ಜಿಗೇನಮ್ಮ, ಅಜ್ಜಿ ಪೇಪರ್ ಓದಿದರೂ ಆಯಿತು, ಬಿಟ್ಟರೂ ಆಯಿತು. ನಮ್ಮ ಕೋಣೆಯ ನಿಯಮ ಬೇರೆ. ಆರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ, ಫೇಲಾದವರು ಅವತ್ತೇ ಕೋಣೆಯಿಂದ ಹೊರಗೆ. ಪರೀಕ್ಷೆ ಮಾಡೋ ಮಹಾನುಭಾವ ಏಳು ವರ್ಷದಿಂದ ಅದೇ ಅಕ್ಷರದ ಹಲಗೆ ತಗಲುಹಾಕ್ತಾನೆ. ನನಗೆ ಅದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬಾಯಿಪಾಠ. ಪಟಪಟ ಅಂತ ಒಪ್ಪಿಸಿದೆ, ಅವನು ಭೇಷ್ ಅಂದ, ಮುಗೀತು. ಆದರೆ ಆಪರೇಶನ್ ಅಂದರೆ ರಜೆ, ರಜೆಗೆ ಆಸ್ಪತ್ರೆಯ ಕಾಗದ, ಕಾಗದ ಆಫೀಸಿಗೆ ಹೋದರೆ ಕುರ್ಚಿ ಹೋಯಿತು. ಆ ಕುರ್ಚಿ ಬಿಟ್ಟರೆ ನಾನು ಮೊಣಕಾಲು ನೋವಿನ ಐವತ್ತೇಳು ವರ್ಷದ ಒಂದು ಹೆಂಗಸು, ಅಷ್ಟೇ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಇಂಥ ಹೊತ್ತಿನಲ್ಲಿ ನಮ್ಮ ಸಾರಾಂಶ ಸಾಹೇಬರಿಗೆ ಮೆಷಿನ್ನಿನ ಹುಚ್ಚು ಹಿಡಿಯಿತು. ಕಾರ್ಖಾನೆಯ ಮ್ಯಾನೇಜರ್ ಅವರು. ಯಾರು ಏನು ಹೇಳೋಕೆ ಹೋದರೂ ಎರಡನೇ ವಾಕ್ಯಕ್ಕೇ ಕೈ ಅಡ್ಡ ಹಿಡಿದು "ಸಾರಾಂಶ ಹೇಳಿ" ಅಂತಾರೆ. ಅವರ ಮದುವೆಯಲ್ಲೂ ಪೂರ್ತಿ ಕೂತಿದ್ದರೋ ಇಲ್ಲವೋ ಅಂತ ನನಗೆ ಅನುಮಾನ. ಅವರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದು ಇಷ್ಟು: ಇನ್ನು ಮುಂದೆ ಸೀಸೆ ನೋಡೋದು ಕ್ಯಾಮೆರಾ. ಉಳಿದ ಹೆಂಗಸರು ಪ್ಯಾಕಿಂಗಿಗೆ. ಒಬ್ಬರ ಕಣ್ಣು ಮಾತ್ರ ಇಲ್ಲಿ ಉಳಿಯಬೇಕು, ಮೆಷಿನ್ನು ಸರಿಯಾಗಿದೆಯಾ ಅಂತ ಅಳೆಯೋಕೆ. ಆ ಕಣ್ಣು ನಮ್ಮ ಮೇಡಂದು. ಹಾಗಂದು ನನ್ನ ಕಡೆ ಕೈ ತೋರಿಸಿದರು, ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹಲ್ಲು ಬಿಟ್ಟೆ.

ಮೆಷಿನ್ನು ಯಾವುದು ಅನ್ನೋದು ಮಾತ್ರ ತೀರ್ಮಾನವಾಗಿರಲಿಲ್ಲ. ಅದಕ್ಕೇ ಚಿಪ್ಪು, ಡಬ್ಬ ಇಬ್ಬರನ್ನೂ ಕರೆಸಿ ಒಂದೇ ಮೇಜಿಗೆ ಕೂರಿಸಿದರು. ಮೂರನೇ ದಿನಕ್ಕೆ ಆ ಮೇಜಿನ ನಡುವೆ ರಟ್ಟಿನ ಪೆಟ್ಟಿಗೆ ಹರಿದು ಗೋಡೆ ಎದ್ದಿತ್ತು. ಓದಿದ ಗಂಡಸರು! ನಮ್ಮ ಪ್ಯಾಕಿಂಗಿನ ಹೆಂಗಸರು ನಲ್ಲಿ ಹತ್ತಿರ ಜಗಳ ಆಡಿದರೂ ಸಂಜೆಗೆ ಒಂದೇ ಬಸ್ಸಿಗೆ ಓಡ್ತಾರೆ.

ನನಗೆ ಅರ್ಥವಾದಷ್ಟು ಹೇಳ್ತೀನಿ ಕೇಳಿ. ಇಬ್ಬರ ಕ್ಯಾಮೆರಾನೂ ಒಂದೇ ಥರ. ಸೀಸೆಯನ್ನ ಬುಗುರಿ ಹಾಗೆ ಗಿರ್ರನೆ ತಿರುಗಿಸಿ ಗಕ್ಕನೆ ನಿಲ್ಲಿಸ್ತಾರೆ. ಗಾಜು ನಿಲ್ಲುತ್ತೆ, ಒಳಗಿನ ಔಷಧಿ ಇನ್ನೂ ಸುತ್ತುತ್ತಿರುತ್ತೆ. ಆಗ ಎಂಟು ಫೋಟೋ ತೆಗೆದು ಒಂದರಿಂದ ಇನ್ನೊಂದನ್ನ ಕಳೀತಾರೆ. ಗಾಜಿನ ಮೇಲಿನ ಗೀರು ಅಲ್ಲಾಡೋದಿಲ್ಲ, ಕಳೆದುಹೋಗುತ್ತೆ. ಅಲ್ಲಾಡಿದ್ದು ಉಳಿಯುತ್ತೆ, ಅದೇ ಕಸ. ಆ ಲೆಕ್ಕ ಮಾಡೋದು ಯಾವುದು ಅನ್ನೋದರಲ್ಲಿ ಇವರ ಜಗಳ.

ಡಬ್ಬನದು ಮಾಮೂಲಿ ಕಂಪ್ಯೂಟರ್ರು. ಅದರೊಳಗಿನ ಪ್ರೊಸೆಸರ್ರು ಎಲ್ಲ ಅಡುಗೆಯೂ ಬಲ್ಲ ಒಬ್ಬನೇ ಅಡುಗೆಯವನ ಹಾಗೆ. ಹೇಳಿದ್ದನ್ನೆಲ್ಲ ಒಂದಾದ ಮೇಲೊಂದು ಮಾಡುತ್ತೆ, ಬಹಳ ಬೇಗ ಮಾಡುತ್ತೆ, ಆದರೆ ನಡುವೆ ಯಾರಾದರೂ ಬಾಗಿಲು ಬಡಿದರೆ ಸೌಟು ಕೆಳಗಿಟ್ಟು ಎದ್ದುಹೋಗುತ್ತೆ. ಚಿಪ್ಪುವಿನದು ಅಂಗೈ ಅಗಲದ ಬೋರ್ಡು. ಅದರ ಮೇಲಿನ ಚಿಪ್ಪಿಗೆ ಹುಟ್ಟುತ್ತಾ ಯಾವ ಕೆಲಸವೂ ಬರಲ್ಲ. ಒಳಗಿರೋ ಲಕ್ಷಾಂತರ ಪುಟ್ಟ ಗೇಟುಗಳನ್ನ, ಅಂದರೆ ಕರೆಂಟಿನ ಸ್ವಿಚ್ಚುಗಳನ್ನ, ನಮಗೆ ಬೇಕಾದ ಒಂದೇ ಕೆಲಸಕ್ಕೆ ಜೋಡಿಸಬಹುದು, ಬೇಡ ಅನ್ನಿಸಿದರೆ ಅದನ್ನ ಅಳಿಸಿ ಬೇರೆ ಥರ ಜೋಡಿಸಬಹುದು. ಸಾಲಾಗಿ ನಿಂತು ಬಕೆಟ್ಟು ದಾಟಿಸೋ ಜನರ ಹಾಗೆ, ಫೋಟೋ ಪೂರ್ತಿ ಬರೋ ಮುಂಚೆನೇ ಅದರ ಮೊದಲ ಸಾಲು ಕೈಯಿಂದ ಕೈಗೆ ಹೋಗ್ತಾ ಇರುತ್ತೆ. ಯಾರೂ ಬಾಗಿಲು ಬಡಿಯೋದಿಲ್ಲ, ಬಡಿಯೋಕೆ ಬಾಗಿಲೇ ಇಲ್ಲ.

ಚಿಪ್ಪು ಊಟದ ಬಿಡುವಿನಲ್ಲಿ ನನ್ನ ಕುರ್ಚಿ ಹತ್ತಿರ ಬಂದು ಪಿಸುಗುಡೋನು. "ಅಮ್ಮಾವ್ರೇ, ಒಂದು ಸೆಕೆಂಡನ್ನ ಸಾವಿರ ಚೂರು ಮಾಡಿದರೆ ಅದರಲ್ಲಿ ಮೂರೇ ಚೂರು ಸಾಕು ನನ್ನ ಬೋರ್ಡಿಗೆ. ಯಾವಾಗ ಕೇಳಿದರೂ ಮೂರೇ. ಅವನ ಡಬ್ಬಕ್ಕೆ ಹದಿನೆಂಟು ಬೇಕು, ಅದೂ ಮೂಡ್ ಸರಿ ಇದ್ದರೆ. ಇಲ್ಲದಿದ್ದರೆ ಅರವತ್ತು. ನಲವತ್ತರೊಳಗೆ ಉತ್ತರ ಬರದಿದ್ದರೆ ಸೀಸೆ ದಾಟಿಹೋಗಿರುತ್ತೆ, ಗೊತ್ತಲ್ಲ?"

ಅವನು ಆಚೆ ಹೋದ ತಕ್ಷಣ ಡಬ್ಬ ಬರೋನು. "ಅಮ್ಮಾ, ಅವನ ಮಾತು ಕೇಳಬೇಡಿ. ವೈರಿಂಗ್ ಬದಲಿಸಬಹುದು ಬದಲಿಸಬಹುದು ಅಂತ ಬಡಾಯಿ ಕೊಚ್ಚಿಕೊಳ್ತಾನಲ್ಲ, ಒಂದು ಸಣ್ಣ ತಿದ್ದುಪಡಿಗೆ ಅದು ರಾತ್ರಿಯಿಡೀ ಬೇಯಬೇಕು. ನಾನು ಹತ್ತು ನಿಮಿಷದಲ್ಲಿ ಮಾಡಿ ಚಹಾ ಕುಡಿದು ಬರ್ತೀನಿ. ಅವನ ಬೋರ್ಡಿನ ಬೆಲೆಗೆ ನನ್ನಂಥ ಕಂಪ್ಯೂಟರು ಆರು ಬರುತ್ತೆ."

ಇಬ್ಬರೂ ಹೇಳಿದ್ದು ನಿಜವೇ. ಅದೇ ನನಗೆ ಮೈ ಉರಿಸಿದ್ದು. ಒಂದು ಲೋಟ ನೀರಿಗೆ ಎರಡು ಹನಿ ಹಾಲು ಬಿದ್ದಿದೆಯಾ ಅಂತ ನೋಡೋ ಕೆಲಸಕ್ಕೆ ಇಷ್ಟು ಬೆವರು! ಇಬ್ಬರಲ್ಲಿ ಒಬ್ಬನಿಗೂ ಸೀಸೆಯನ್ನ ನೆಟ್ಟಗೆ ಹಿಡಿಯೋಕೆ ಬರ್ತಿರಲಿಲ್ಲ. ಡಬ್ಬ ಅದನ್ನ ಕೆಮ್ಮಿನ ಔಷಧಿ ಕುಲುಕೋ ಹಾಗೆ ಕುಲುಕೋನು. ಚಿಪ್ಪು ತಲೆಕೆಳಗೆ ಮಾಡಿ ಹಿಡಿಯೋನು. ದಂಡಪಿಂಡಗಳು.

ಸ್ಪರ್ಧೆಗೆ ಆರುನೂರು ಸೀಸೆ ಆರಿಸಿ, ಒಂದೊಂದಕ್ಕೂ ನಂಬರ್ ಅಂಟಿಸಿದರು. ಮೊದಲು ನಾನು ಎಲ್ಲವನ್ನೂ ನೋಡಿ ಒಳ್ಳೇದು, ಕೆಟ್ಟದ್ದು ಅಂತ ಬರೆದುಕೊಡಬೇಕು. ನಾನು ಬರೆದದ್ದೇ ಸತ್ಯ. ಯಾರ ಮೆಷಿನ್ನು ಆರುನೂರಕ್ಕೆ ಆರುನೂರೂ ನನ್ನ ಹಾಗೇ ಹೇಳುತ್ತೋ ಅದು ಉಳಿಯುತ್ತೆ, ಒಂದು ತಪ್ಪಿದರೂ ಮನೆಗೆ. ಇಬ್ಬರೂ ಒಬ್ಬರ ಫಲಿತಾಂಶ ಒಬ್ಬರಿಗೆ ತೋರಿಸಬಾರದು ಅಂತಲೂ ಸಾರಾಂಶ ಸಾಹೇಬರು ನಿಯಮ ಮಾಡಿದರು. ಮಾಡಬೇಕಾಗೇ ಇರಲಿಲ್ಲ, ಅವರು ಮುಖಾನೇ ತೋರಿಸಿಕೊಳ್ತಿರಲಿಲ್ಲ. ನಾನು ಮೂರು ದಿನ ಕೂತು ಆರುನೂರನ್ನೂ ಮತ್ತೆ ಮತ್ತೆ ನೋಡಿ, ನಲವತ್ತು ಕೆಟ್ಟದ್ದು, ಉಳಿದದ್ದು ಒಳ್ಳೇದು ಅಂತ ಬರೆದು ಸಹಿ ಹಾಕಿ ಕೊಟ್ಟೆ.

ಸೋಮವಾರ ಡಬ್ಬ ಬಂದ. ಕೈಯಲ್ಲಿ ಒಂದು ಚೀಟಿ, ಮುಖ ಇಂಗು ತಿಂದ ಮಂಗನ ಹಾಗೆ.

"ಅಮ್ಮಾ, ಒಂದು ಮಾತು. ಯಾರಿಗೂ ಹೇಳಬೇಡಿ. ನೀವು ಒಳ್ಳೇದು ಅಂದ ಇಪ್ಪತ್ಮೂರು ಸೀಸೆಯನ್ನ ನನ್ನ ಕಂಪ್ಯೂಟರ್ರು ಕೆಟ್ಟದ್ದು ಅಂತಿದೆ."

"ಓದು" ಅಂದೆ.

"ಹದಿನೇಳು, ನಲವತ್ತೊಂದು, ಐವತ್ತೆಂಟು, ತೊಂಬತ್ತಾರು, ನೂರಮೂರು..." ಅಂತ ಇಪ್ಪತ್ಮೂರನ್ನೂ ಓದಿದ. ನಾನು ನಲವತ್ತೊಂದನ್ನ ತೆಗೆದು ಕಪ್ಪಿನ ಎದುರು ಹಿಡಿದೆ. ಏನೂ ಇಲ್ಲ.

"ಕನ್ನಡಿ ಹಾಗಿದೆಯಲ್ಲಯ್ಯಾ. ಎಲ್ಲಿದೆ ಕಸ?"

ಅವನು ಸೀಸೆ ತೆಗೆದುಕೊಂಡು ಕುಲುಕಿ, ಬಗ್ಗಿ ನೋಡಿದ. "ನನಗೇನೋ ಸಣ್ಣಗೆ ಮಿನುಗಿದ ಹಾಗೆ ಕಾಣ್ತಿದೆ, ಅಮ್ಮಾ."

"ಗಾಳಿಗುಳ್ಳೆ. ಹಾಗೆ ಕುಲುಕಿದರೆ ಗುಳ್ಳೆ ಏಳದೆ ಇನ್ನೇನು ಏಳುತ್ತೆ? ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ, ನನಗೆ ಗುಳ್ಳೆ ಯಾವುದು ಗಾಜು ಯಾವುದು ಅಂತ ನೀನು ಹೇಳಿಕೊಡ್ತೀಯಾ?"

"ಇಲ್ಲಮ್ಮಾ, ಛೆ ಛೆ" ಅಂದ. ಅಲ್ಲೇ ನನ್ನ ಕಣ್ಣೆದುರಿಗೇ ಕೂತು ಯಾವುದೋ ಒಂದು ಅಂಕಿ ತಿದ್ದಿದ. ಆ ಅಳತೆಗಿಂತ ಸಣ್ಣದಾಗಿ ಮಿನುಗೋದನ್ನ ಇನ್ನು ಮೇಲೆ ಗುಳ್ಳೆ ಅಂತ ಬಿಟ್ಟುಬಿಡುತ್ತೆ ಅಂದ. ಹತ್ತು ನಿಮಿಷವೂ ಆಗಲಿಲ್ಲ. ಸ್ವಂತ ಕಣ್ಣಿಗೆ ಕಂಡಿದೆ, ಸ್ವಂತ ಮೆಷಿನ್ನಿಗೂ ಕಂಡಿದೆ, ಆದರೂ ಮುದುಕಿ ಒಂದು ಸಲ ಗದರಿಸಿದ್ದಕ್ಕೆ ಎರಡನ್ನೂ ಬಿಟ್ಟುಕೊಟ್ಟ. ಇಂಥವರು ಎಂಜಿನಿಯರ್ರು.

ಮಾರನೇ ದಿನ, ಮಂಗಳವಾರ ಬೆಳಿಗ್ಗೆ ಚಿಪ್ಪು ಬಂದ. ಅವನೂ ಅತ್ತಿತ್ತ ನೋಡಿ, ರಟ್ಟಿನ ಗೋಡೆಗೆ ಬೆನ್ನು ಕೊಟ್ಟು ನಿಂತು ಫೋನ್ ತೆಗೆದ.

"ಅಮ್ಮಾವ್ರೇ, ಆ ಡಬ್ಬದವನ ಕಿವಿಗೆ ಬೀಳಬಾರದು. ನಿಮ್ಮ ಲೆಕ್ಕಕ್ಕೂ ನನ್ನ ಬೋರ್ಡಿಗೂ ಒಂದಷ್ಟು ಸೀಸೆಯಲ್ಲಿ ಹೊಂದಾಣಿಕೆ ಆಗ್ತಿಲ್ಲ. ಓದಲಾ? ಹದಿನೇಳು, ನಲವತ್ತೊಂದು, ಐವತ್ತೆಂಟು, ತೊಂಬತ್ತಾರು..."

ಅವನು ಓದ್ತಾನೇ ಇದ್ದ. ನನಗೆ ಓದಿಸೋದು ಬೇಕಿರಲಿಲ್ಲ, ಮುಂದಿನ ನಂಬರ್ ಅವನ ಬಾಯಿಂದ ಬೀಳೋ ಮುಂಚೆ ನನ್ನ ತಲೆಯಲ್ಲಿ ಬೀಳ್ತಿತ್ತು. ಇಪ್ಪತ್ಮೂರಕ್ಕೆ ನಿಂತ.

ಯೋಚನೆ ಮಾಡಿ. ಒಂದು ಕಂಪ್ಯೂಟರ್ರು, ಒಂದು ಬೋರ್ಡು. ಒಂದು ಒಬ್ಬನೇ ಮಾಡೋ ಕೆಲಸ, ಇನ್ನೊಂದು ಸಾಲಾಗಿ ದಾಟಿಸೋ ಕೆಲಸ. ಮಾಡಿದವರು ಬೇರೆ, ಮಾಡಿದ ರೀತಿ ಬೇರೆ, ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಹವಾಮಾನದ ವಿಷಯದಲ್ಲೂ ಒಂದು ಅಭಿಪ್ರಾಯಕ್ಕೆ ಬರದ ಆ ಇಬ್ಬರ ಮೆಷಿನ್ನುಗಳು ಒಂದೇ ಒಂದು ವಿಷಯದಲ್ಲಿ ಒಪ್ಪಿಕೊಂಡಿದ್ದವು, ಅದು ನನ್ನ ತಪ್ಪು. ಎರಡು ಪಟ್ಟಿಯನ್ನೂ ಕೇಳಿದೋಳು ಇಡೀ ಕಾರ್ಖಾನೆಯಲ್ಲಿ ನಾನೊಬ್ಬಳೇ.

"ಗಾಳಿಗುಳ್ಳೆ" ಅಂದೆ. ಬಾಯಿಗೆ ಮೊದಲು ಬಂದದ್ದು ಅದೇ.

"ನಾನೂ ಹಾಗೇ ಅಂದುಕೊಂಡೆ" ಅಂದ ಚಿಪ್ಪು. ಏನು ಅಂದುಕೊಂಡನೋ ಅವನ ತಲೆ. "ಆದರೆ ಇದನ್ನ ತಿದ್ದೋಕೆ ಮತ್ತೆ ಎಲ್ಲಾ ಜೋಡಿಸಬೇಕು, ಅಮ್ಮಾವ್ರೇ. ಒಂಬತ್ತು ಗಂಟೆ."

"ಒಂದು ಅಂಕಿ ತಿದ್ದೋಕೆ ಒಂಬತ್ತು ಗಂಟೆಯಾ? ಆ ಅಂಕಿಯನ್ನ ಹೊರಗಿಂದ ಬದಲಿಸೋ ಹಾಗೆ ಇಡಬಹುದಿತ್ತಲ್ಲ?"

"ಇಡಬಹುದಿತ್ತು" ಅಂದು ತಲೆ ಕೆರೆದುಕೊಂಡ. "ಬದಲಿಸಬೇಕಾಗುತ್ತೆ ಅಂತ ಅಂದುಕೊಂಡಿರಲಿಲ್ಲ."

ಅವನು ಹೋದ ಮೇಲೆ ನಲವತ್ತೊಂದನ್ನ ಎತ್ತಿಕೊಂಡೆ. ಎಡಗಣ್ಣನ್ನ ಅಂಗೈಯಲ್ಲಿ ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಹಿಡಿದು, ಕಪ್ಪಿನ ಎದುರು ಒಂದು ನಿಮಿಷ ನೋಡಿದೆ. ಕಂಡಿತು. ತೆಳ್ಳಗೆ, ಮೀನಿನ ಹುರುಪೆಯ ಹಾಗೆ ಮೂರು ಗಾಜಿನ ಚಕ್ಕೆ, ಮೆಲ್ಲಗೆ ಮಗುಚಿಕೊಳ್ತಾ ಇಳೀತಿದ್ದವು. ಗುಳ್ಳೆ ಮೇಲಕ್ಕೆ ಹೋಗುತ್ತೆ, ಗಾಜು ಕೆಳಕ್ಕೆ ಬರುತ್ತೆ. ಈ ಪಾಠ ಹೊಸಬರಿಗೆಲ್ಲ ಮೊದಲ ದಿನ ಹೇಳಿಕೊಡ್ತಿದ್ದೋಳು ನಾನೇ. ಹದಿನೇಳರಲ್ಲೂ ಇತ್ತು. ಐವತ್ತೆಂಟರಲ್ಲಿ ಏಳೆಂಟು ಇದ್ದವು. ಉಳಿದವನ್ನ ನೋಡದೆ ತಟ್ಟೆಯನ್ನ ದೂರ ತಳ್ಳಿದೆ.

ಆಗ ಗುಂಗುರು ನೆನಪಾದಳು. ಗುಂಗುರು ಕೂದಲಿನ ಹೆಂಗಸು, ನನ್ನ ಬಲಗಡೆ ನಾಲ್ಕು ವರ್ಷ ಕೂತಿದ್ದೋಳು. ಮೂರು ತಿಂಗಳ ಹಿಂದೆ ಅವಳು ಒಳ್ಳೇ ಸೀಸೆಯನ್ನೆಲ್ಲ ಬಿಸಾಡ್ತಾಳೆ ಅಂತ ದೂರು ಬಂತು. ಅವಳ ತಟ್ಟೆಯನ್ನ ಯಾರ ಕಣ್ಣಿಗೆ ಹೋಲಿಸಿ ನೋಡಿದರು ಅಂದುಕೊಂಡಿರಿ? ನನ್ನ ಕಣ್ಣಿಗೆ. "ಅಕ್ಕಾ, ಇದರಲ್ಲಿ ಗಾಜಿದೆ, ಸರಿಯಾಗಿ ನೋಡಿ ಅಕ್ಕಾ" ಅಂತ ಎರಡು ಸಲ ಗೋಗರೆದಳು. ನಾನು ಮೂಗು ಮುರಿದು, "ಇವಳಿಗೆ ಕಣ್ಣಲ್ಲಿ ಹೂವು" ಅಂತ ಎಲ್ಲರೆದುರಿಗೆ ಹೇಳಿ ನಗಿಸಿದ್ದೆ. ಸಂಬಳ ಕಡಿಮೆಯಾಗಿ ಪ್ಯಾಕಿಂಗಿಗೆ ಹೋದಳು, ಈಗಲೂ ಗೇಟಿನಲ್ಲಿ ಕಂಡರೆ ಮುಖ ತಿರುಗಿಸ್ತಾಳೆ. ಥೂ ನನ್ನ ಜನ್ಮಕ್ಕೆ.

ಇಷ್ಟು ಗೊತ್ತಾದ ಮೇಲೆ ನೆಟ್ಟಗೆ ಎದ್ದುಹೋಗಿ ಹೇಳಿದೆ ಅಂತ ನೀವು ಅಂದುಕೊಂಡರೆ ನಿಮಗೆ ನನ್ನ ಪರಿಚಯ ಆಗಿಲ್ಲ. ಮಂಗಳವಾರ ಹೇಳಲಿಲ್ಲ. ಬುಧವಾರ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಚಿಪ್ಪು ಕಣ್ಣು ಕೆಂಪು ಮಾಡಿಕೊಂಡು ಬಂದು, "ಆಯಿತು ಅಮ್ಮಾವ್ರೇ, ಈಗ ಪೂರ್ತಿ ನಿಮ್ಮ ಹಾಗೇ ನೋಡುತ್ತೆ" ಅಂದ. ಅವನ ಬೆನ್ನು ತಟ್ಟಿದೆ. ನನ್ನ ಕುರ್ಚಿ, ನನ್ನ ದೀಪ, ಬಾಗಿಲಿನಲ್ಲಿ ಬಂದರೆ ಎಲ್ಲರೂ ಎದ್ದು ನಿಲ್ಲೋದು, ಇದನ್ನೆಲ್ಲ ಬಿಟ್ಟುಹೋಗೋಕೆ ಮನಸ್ಸು ಬರಲಿಲ್ಲ. ರಾತ್ರಿ ತಂಗಿ "ಯಾಕೇ ಊಟ ಬಿಟ್ಟೆ?" ಅಂದಳು, ಅವಳ ಮೇಲೂ ರೇಗಿದೆ.

ಶುಕ್ರವಾರ ಫಲಿತಾಂಶ. ಸಾರಾಂಶ ಸಾಹೇಬರು ಕೋಣೆಗೇ ಬಂದರು. ಆರುನೂರು ಸೀಸೆಯನ್ನ ಹತ್ತು ಸುತ್ತು ಓಡಿಸಿದರು, ಎರಡು ಮೆಷಿನ್ನಿನ ಮೇಲೂ. ಡಬ್ಬ ಉಗುರು ಕಡೀತಿದ್ದ. ಚಿಪ್ಪು ತನ್ನ ಬೋರ್ಡನ್ನ ಹೆತ್ತ ಮಗುವಿನ ಹಾಗೆ ನೋಡ್ತಿದ್ದ. ಕೊನೆಗೆ ಪರದೆಯ ಮೇಲೆ ಬಂತು: ಇಬ್ಬರದ್ದೂ ಆರುನೂರಕ್ಕೆ ಆರುನೂರು. ಒಬ್ಬರಿಗೊಬ್ಬರು ಮೊದಲ ಸಲ ಮುಖ ನೋಡಿಕೊಂಡರು. ತಾನೊಬ್ಬನೇ ಗುಟ್ಟಾಗಿ ತಿದ್ದಿಕೊಂಡದ್ದು ಅಂತ ಇಬ್ಬರೂ ನಂಬಿದ್ದರಲ್ಲ, ಎದುರಿನವನಿಗೆ ಹೇಗೆ ಪೂರ್ತಿ ಬಂತು ಅಂತ ಇಬ್ಬರಿಗೂ ತಲೆ ಕೆಟ್ಟುಹೋಯಿತು.

"ಸಾರಾಂಶ?" ಅಂದರು ಸಾಹೇಬರು.

"ಬೋರ್ಡು ಪ್ರತಿ ಸಲ ಮೂರು, ಸಾರ್" ಅಂದ ಚಿಪ್ಪು. "ಕಂಪ್ಯೂಟರು ಸರಾಸರಿ ಹದಿನೆಂಟು, ಆದರೆ ಆರು ಸಾವಿರದಲ್ಲಿ ಎರಡು ಸಲ ಅರವತ್ತು ದಾಟಿದೆ. ಉತ್ತರ ಸರಿಯೇ, ಆದರೆ ಅದು ಬರೋ ಮುಂಚೆ ಆ ಎರಡು ಸೀಸೆ ಹೋಗೇ ಹೋದವು."

ಡಬ್ಬ ಬೆಲೆಯ ಮಾತು ತೆಗೆದ, ತಿದ್ದೋ ಸುಲಭದ ಮಾತು ತೆಗೆದ. ಸಾಹೇಬರು ಕೈ ಅಡ್ಡ ಹಿಡಿದರು. "ತಿದ್ದೋ ಪ್ರಶ್ನೆಯೇ ಇಲ್ಲ. ಮಧ್ಯಾಹ್ನ ಸೆಟ್ಟಿಂಗಿಗೆ ಸೀಲ್ ಹಾಕ್ತೀವಿ, ಆಮೇಲೆ ಐದು ವರ್ಷ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಬೋರ್ಡೇ ಇರಲಿ. ಸೋಮವಾರದಿಂದ ಲೈನಿಗೆ. ನಿಮಿಷಕ್ಕೆ ಮುನ್ನೂರು ಸೀಸೆ."

ಮುನ್ನೂರು! ನಾನು ನಿಮಿಷಕ್ಕೆ ಆರು ನೋಡ್ತಿದ್ದೆ. ಕಣ್ಣು ನೋಯುತ್ತಿತ್ತು, ಬೆನ್ನು ನೋಯುತ್ತಿತ್ತು, ಚಹಾಕ್ಕೆ ಏಳುತ್ತಿದ್ದೆ, ಭಾನುವಾರ ಮಲಗುತ್ತಿದ್ದೆ. ಎಷ್ಟು ಕುರುಡಿಯಾದರೂ ಕೆಡಿಸೋಕೆ ಒಂದು ಮಿತಿ ಇತ್ತು. ಇದಕ್ಕೆ ಬೆನ್ನಿಲ್ಲ, ಭಾನುವಾರ ಇಲ್ಲ. ನನ್ನ ಪೊರೆ ಬಂದ ಕಣ್ಣನ್ನೇ ಅಳತೆ ತೆಗೆದು, ಐವತ್ತು ಪಟ್ಟು ವೇಗ ಕೊಟ್ಟು, ಐದು ವರ್ಷ ಯಾರೂ ಮುಟ್ಟದ ಹಾಗೆ ಸೀಲ್ ಹಾಕೋಕೆ ಹೊರಟಿದ್ದರು. ಪಕ್ಕದಲ್ಲಿ ಚಿಪ್ಪು ಹಲ್ಲು ಕಿರೀತಿದ್ದ.

"ನನಗೆ ಎಡಗಣ್ಣು ಕಾಣಲ್ಲ" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ: ಪೊರೆ, ಬಾಯಿಪಾಠದ ಹಲಗೆ, ಎರಡು ಪಟ್ಟಿ, ಇಪ್ಪತ್ಮೂರು ನಂಬರ್, ಗುಳ್ಳೆ ಅಂತ ಹೇಳಿದ ಸುಳ್ಳು. ನಲವತ್ತೊಂದನ್ನ ತೆಗೆದು ಸಾಹೇಬರ ಕೈಗೆ ಕೊಟ್ಟು ಕಪ್ಪಿನ ಎದುರು ಹಿಡ್ಕೊಳ್ಳಿ ಅಂದೆ. ಅವರು ಹಿಡಿದರು. ಚಕ್ಕೆ ತಳ ಮುಟ್ಟೋವರೆಗೂ ನೋಡಿದರು.

ಈ ಹೊತ್ತಿನಲ್ಲಿ ಆ ಇಬ್ಬರು ಏನು ಮಾಡಿದರು ಅಂತೀರಿ?

"ನಂದು ಹಿಡಿದಿತ್ತು ಸಾರ್! ಸೋಮವಾರಾನೇ ಹಿಡಿದಿತ್ತು!" ಅಂದ ಡಬ್ಬ.

"ನಂದು ಭಾನುವಾರಾನೇ ಹಿಡಿದಿತ್ತು, ನಾನು ಹೇಳಿದ್ದು ಮಂಗಳವಾರ ಅಷ್ಟೆ" ಅಂದ ಚಿಪ್ಪು. "ಅದೂ ಮೂರು ಚೂರಿನಲ್ಲಿ!"

"ಹಿಡಿದು ಏನು ಮಾಡಿದೆ? ಒಂಬತ್ತು ಗಂಟೆ ಬೇಯಿಸಿ ಹಾಳು ಮಾಡಿದೆ. ನಾನು ಈಗಲೇ ಹತ್ತು ನಿಮಿಷದಲ್ಲಿ ವಾಪಸ್ ತಿದ್ತೀನಿ, ನೋಡ್ತಿರು."

ಜನರ ನರಕ್ಕೆ ಗಾಜು ಹೋಗ್ತಿದೆ ಅಂದರೆ ಯಾರು ಮೊದಲು ನೋಡಿದ್ದು ಅಂತ ಕಿತ್ತಾಟ. ಕ್ಯಾಕರಿಸಿ ಉಗಿಯೋಣ ಅನ್ನಿಸಿತು. ಆದರೆ ಉಗಿಯೋ ಬಾಯಿ ನನ್ನದಲ್ಲವಾ, ಮೂರು ದಿನ ಮುಚ್ಚಿಕೊಂಡಿದ್ದ ಬಾಯಿ.

ಸಾಹೇಬರು ಇಬ್ಬರನ್ನೂ ಗೋಡೆ ಪಕ್ಕ ನಿಲ್ಲಿಸಿ, ನನ್ನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಎದುರಿಗೆ ಕೂತದ್ದು ಅದೇ ಮೊದಲು.

"ಮೇಡಂ, ಹೇಳಿದ್ದು ಒಳ್ಳೇದಾಯಿತು. ಸೀಲ್ ಹಾಕೋದು ನಿಲ್ಲಿಸ್ತೀನಿ. ಇಬ್ಬರೂ ಮೆಷಿನ್ನನ್ನ ಹಳೇ ಸ್ಥಿತಿಗೆ ತರಲಿ, ಆರುನೂರನ್ನ ಬೇರೆಯವರ ಕೈಲಿ ಮತ್ತೆ ನೋಡಿಸೋಣ. ನೀವು ಆಪರೇಶನ್ ಮಾಡಿಸಿಕೊಂಡು ಬನ್ನಿ. ಕುರ್ಚಿ ನಿಮ್ಮದೇ, ನಾನು ಮಾತು ಕೊಡ್ತೀನಿ."

ನನಗೆ ಅಳು ಬಂತು. ಇಷ್ಟು ಸುಲಭವಾ ಅನ್ನಿಸಿತು.

"ಒಂದೇ ಒಂದು" ಅಂದರು. ದಾಖಲೆ ಪುಸ್ತಕ ತೆರೆದು ನನ್ನ ಸಹಿ ಇದ್ದ ಪುಟಕ್ಕೆ ಬಂದು, ಷರಾ ಅಂತ ಬರೆದಿದ್ದ ಖಾಲಿ ಜಾಗಕ್ಕೆ ಬೆರಳಿಟ್ಟರು. "ಇಲ್ಲಿ, ಈ ಆರುನೂರು ಸೀಸೆ ನೋಡೋವಾಗ ಕಣ್ಣು ಮಂಜಾಗಿತ್ತು ಅಂತ ಬರೀರಿ. ಈ ತಿಂಗಳಿಂದ ಅಂತ. ಅಷ್ಟೇ ಸಾಕು."

"ಈ ತಿಂಗಳಿಂದ ಅಲ್ಲವಲ್ಲ, ಸಾರ್."

"ಗೊತ್ತು." ದನಿ ತಗ್ಗಿಸಿದರು. "ಅದಕ್ಕೂ ಹಿಂದಿನ ತಾರೀಕು ಬರೆದರೆ, ಆಗಿನಿಂದ ನಿಮ್ಮ ಕೈ ದಾಟಿ ಹೋದ ಸೀಸೆಗಳನ್ನೆಲ್ಲ ಆಸ್ಪತ್ರೆಗಳಿಂದ ವಾಪಸ್ ತರಿಸಬೇಕು. ಗೋದಾಮು ಗೋದಾಮು ಹುಡುಕಬೇಕು. ಕಣ್ಣಿನ ಪರೀಕ್ಷೆಯಲ್ಲಿ ಮೋಸ ಮಾಡಿದಿರಿ ಅಂತ ನಿಮ್ಮ ಮೇಲೆ ಕೇಸಾಗುತ್ತೆ. ನಾನೂ ಉಳಿಯಲ್ಲ. ಅರ್ಧಕ್ಕರ್ಧ ಈಗಾಗಲೇ ಖರ್ಚಾಗಿರುತ್ತೆ, ತರಿಸಿ ಏನು ಪ್ರಯೋಜನ ಹೇಳಿ?"

"ಇನ್ನರ್ಧ?" ಅಂದೆ.

ಸಾರಾಂಶ ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು.

ಆ ಪುಸ್ತಕದ ಪುಟಗಳಿಗೆ ನಂಬರ್ ಇರುತ್ತೆ, ಹರಿಯೋ ಹಾಗಿಲ್ಲ. ಶಾಯಿಯಲ್ಲಿ ಬರೆದದ್ದನ್ನ ಅಳಿಸೋ ಹಾಗಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು, ಗೆರೆಯ ಕೆಳಗಿನ ಅಕ್ಷರ ಓದೋ ಹಾಗೇ ಇರಬೇಕು. ಸಾಹೇಬರಿಗೂ ಅದು ಗೊತ್ತು, ನನಗೂ ಗೊತ್ತು. ಮೊದಲ ಸಲ ಏನು ಬರೀತೀನೋ ಅದು ಉಳಿಯುತ್ತೆ.

ಬಲಗಣ್ಣಲ್ಲೇ ಗೆರೆ ಹುಡುಕಿಕೊಂಡು ಬರೆಯೋಕೆ ಶುರುಮಾಡಿದೆ. 'ನನ್ನ ಎಡಗಣ್ಣಿಗೆ ಗಾಜಿನ ಚಕ್ಕೆ ಕಾಣುವುದಿಲ್ಲ' ಅಂತ ಬರೆದೆ. ಸಾಹೇಬರು ತಲೆ ಆಡಿಸಿದರು. 'ಗೊತ್ತಿದ್ದೂ ಹೇಳಲಿಲ್ಲ' ಅಂತ ಬರೆದೆ. ಅವರ ತಲೆ ನಿಂತಿತು. ಎಷ್ಟು ದಿನದಿಂದ ಅನ್ನೋದಕ್ಕೆ ಬಂದಾಗ ನನ್ನ ಕೈಯೂ ನಿಂತಿತು. ಎಂಟು ತಿಂಗಳು ಅಂತ ನಾನೇ ನನಗೆ ಹೇಳಿಕೊಂಡಿದ್ದೆ. ಅದು ದೀಪದ ಸುತ್ತ ಬೆಳಕು ಹರಡಿದ್ದು ನನಗೆ ಗೊತ್ತಾದ ದಿನ. ಚಕ್ಕೆ ಕಾಣೋದು ನಿಂತ ದಿನ ಯಾವುದು? ಕಾಣದೇ ಇದ್ದದ್ದನ್ನ ನಾನು ಒಳ್ಳೇದು ಅಂತಲೇ ಬರೆದಿದ್ದೀನಲ್ಲ, ಅದು ಹೇಗೆ ಗೊತ್ತಾಗುತ್ತೆ? ಆ ಎರಡು ಮೆಷಿನ್ನನ್ನ ಪಕ್ಕಪಕ್ಕ ಇಟ್ಟು ಏನನ್ನ ಬೇಕಾದರೂ ಹೋಲಿಸಬಹುದು, ಹೋಗಿಬಿಟ್ಟ ಸೀಸೆಯನ್ನ ಹೋಲಿಸೋಕಾಗಲ್ಲ.

'ಒಂದು ವರ್ಷದಿಂದ' ಅಂತ ಬರೆದು ಸಹಿ ಹಾಕಿದೆ.

ಸಾಹೇಬರು ಪುಸ್ತಕ ಎಳೆದುಕೊಂಡು ಓದಿದರು. "ಒಂದು ವರ್ಷಾನಾ, ಮೇಡಂ?" ಅಂದರು.

"ಹೆಚ್ಚೇ ಇರಬಹುದು" ಅಂದೆ.